ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಜಪಾನಿನ ಕ್ಯೋಟೋ ನಗರದ ದಕ್ಷಿಣಕ್ಕೆ ಉಜಿ ಎಂಬ ಊರಿದೆ. ಕಾಫಿ ಎಂದರೆ ನಮಗೆ ಚಿಕ್ಕಮಗಳೂರು ನೆನಪಾಗುವಂತೆ, ಹಸಿರು ಚಹಾ ಎಂದರೆ ಜಪಾನಿನವರಿಗೆ ಉಜಿ ನೆನಪಾಗುತ್ತದೆ. ಊರಿನ ನಡುವೆ ಹೊಳೆ ಹರಿಯುತ್ತದೆ. ಹೊಳೆಯ ದಡದಲ್ಲಿ ಬ್ಯೋದೋ-ಇನ್ ಎಂಬ ಬೌದ್ಧ ದೇವಾಲಯವಿದೆ. ಅದರ ಫೀನಿಕ್ಸ್ ಮಂಟಪ ಕಟ್ಟಿದ್ದು 1053ರಲ್ಲಿ. ಅಲ್ಲಿಯವರ ಹತ್ತು ಯೆನ್ ನಾಣ್ಯ ತಿರುಗಿಸಿ ನೋಡಿದರೆ ಅದೇ ಮಂಟಪದ ಚಿತ್ರ. ಇಷ್ಟು ವರ್ಷ ಜನ ಉಜಿಗೆ ಬರುತ್ತಿದ್ದದ್ದು ಚಹಾಕ್ಕೆ ಮತ್ತು ಈ ದೇವಾಲಯಕ್ಕೆ. 2024ರ ಅಕ್ಟೋಬರ್‌ನಿಂದ ಇನ್ನೊಂದು ಬಗೆಯ ಯಾತ್ರಿಕರೂ ಬರತೊಡಗಿದ್ದಾರೆ. ಅವರು ಇಳಿಯುವುದು ಒಗುರಾ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ. ಅವರಲ್ಲಿ ಅರ್ಧದಷ್ಟು ಜನ ಮಕ್ಕಳು, ಉಳಿದರ್ಧ ಒಂದು ಕಾಲದಲ್ಲಿ ಮಕ್ಕಳಾಗಿದ್ದವರು. ಎಲ್ಲರೂ ಹೋಗುವುದು ನಿಂಟೆಂಡೋ ಸಂಗ್ರಹಾಲಯಕ್ಕೆ. ಮಾರಿಯೋ ಎಂಬ ಮೀಸೆಯ ಕೊಳಾಯಿ ರಿಪೇರಿಯವನ ವಿಡಿಯೋ ಗೇಮ್ ನಿಮ್ಮ ಮನೆಗೂ ಬಂದಿರಬಹುದು. ಅದನ್ನು ಮಾಡಿದ ಕಂಪನಿಯೇ ಇದು.

ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಚೆರ್ರಿ ಹೂವಿನ ಕಾಲಕ್ಕೆ ನನ್ನನ್ನು ಕರೆಸಿಕೊಂಡಿದ್ದ. ಹೂವು, ದೇವಸ್ಥಾನ, ಕೋಟೆ ಎಲ್ಲ ನೋಡಿಯಾದ ಮೇಲೆ ಮೊಮ್ಮಕ್ಕಳ ಸರದಿ ಬಂತು. ಈ ಸಂಗ್ರಹಾಲಯಕ್ಕೆ ಹೋದ ಕೂಡಲೇ ಟಿಕೆಟ್ ಸಿಗುವುದಿಲ್ಲ. ಮೂರು ತಿಂಗಳು ಮೊದಲೇ ಹೆಸರು ಕೊಡಬೇಕು, ಆಮೇಲೆ ಚೀಟಿ ಎತ್ತುವಂತೆ ಲಾಟರಿ ನಡೆಯುತ್ತದೆ. ದೊಡ್ಡವರಿಗೆ 3,300 ಯೆನ್, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 1,100 ಯೆನ್. ನಮ್ಮ ಹೆಸರು ಬಂದಿತ್ತು.

ಕ್ಯೋಟೋದಿಂದ ಒಗುರಾಕ್ಕೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಆ ಸ್ವಲ್ಪ ಹೊತ್ತಿನಲ್ಲೇ ಅಣ್ಣ ತಂಗಿ ಜಗಳವಾಡಿದರು. ಅಣ್ಣನಿಗೆ ಹನ್ನೆರಡು, ತಂಗಿಗೆ ಏಳು. ಹಿಂದಿನ ರಾತ್ರಿ ಇಬ್ಬರೂ ಮಾರಿಯೋ ಕಾರ್ಟ್ ಎಂಬ ಕಾರು ಓಡಿಸುವ ಆಟ ಆಡಿದ್ದರು. ತಂಗಿ ಗೆದ್ದಿದ್ದಳು. ಅಣ್ಣ ಅದನ್ನು ಒಪ್ಪಲು ತಯಾರಿಲ್ಲ.

"ಅವಳ ಕಾರಿಗೆ ಆ್ಯಂಟೆನಾ ಇತ್ತು ಅಜ್ಜಿ. ಅದಿದ್ರೆ ಕಾರು ರಸ್ತೆ ಬಿಟ್ಟು ಬೀಳೋದೇ ಇಲ್ಲ. ಅದು ಮೋಸ. ಅವಳು ಗೆದ್ದಿದ್ದು ಲೆಕ್ಕಕ್ಕಿಲ್ಲ."

ತಂಗಿ ಅಳಲಿಲ್ಲ. ನನ್ನ ಸೆರಗು ಹಿಡಿದು, "ಅಜ್ಜಿ, ನೀನೇ ಹೇಳು. ನಾನು ಗೆದ್ದಿದ್ದು ಲೆಕ್ಕಕ್ಕೆ ಇದೆಯಾ, ಇಲ್ವಾ?" ಎಂದಳು.

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಇಂಥ ಪ್ರಶ್ನೆಗೆ ಕೂಡಲೇ ತೀರ್ಪು ಕೊಟ್ಟರೆ ಒಂದು ಮಗು ಗೆಲ್ಲುತ್ತದೆ, ಇನ್ನೊಂದು ಮುಖ ಊದಿಸಿಕೊಳ್ಳುತ್ತದೆ. "ಮೊದಲು ನೋಡೋಣ, ಆಮೇಲೆ ಹೇಳ್ತೀನಿ" ಎಂದೆ. ನಮ್ಮಲ್ಲಿ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ಮಾತಿದೆಯಲ್ಲ, ಅದು ಆ ಹೊತ್ತಿನಿಂದ ನನ್ನ ತಲೆಯಲ್ಲಿ ಕೂತಿತು.

ಸಂಗ್ರಹಾಲಯ ಇರುವುದು ಕಂಪನಿಯ ಹಳೆಯ ಕಾರ್ಖಾನೆಯಲ್ಲಿ. 1969ರಲ್ಲಿ ಕಟ್ಟಿದ್ದು. ಆಗ ಅಲ್ಲಿ ಇಸ್ಪೀಟು ಎಲೆಗಳನ್ನು ತಯಾರಿಸುತ್ತಿದ್ದರಂತೆ. ಹೌದು, ನಿಂಟೆಂಡೋ ಶುರುವಾದದ್ದು 1889ರಲ್ಲಿ, ಕ್ಯೋಟೋದಲ್ಲಿ, ಹನಾಫುದಾ ಎಂಬ ಹೂವಿನ ಚಿತ್ರದ ಎಲೆಗಳನ್ನು ಮಾಡುತ್ತಾ. ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡಗಳ ಚಿತ್ರ, ಒಟ್ಟು 48 ಎಲೆ. ಪೈನ್, ಪ್ಲಮ್, ಚೆರ್ರಿ, ಸೇವಂತಿಗೆ ಹೀಗೆ. ಇಸ್ಪೀಟಿನ ಕಂಪನಿಯೊಂದು ಆಟಿಕೆಗೆ, ಆಟಿಕೆಯಿಂದ ಟೀವಿಗೆ ಜೋಡಿಸುವ ಯಂತ್ರಕ್ಕೆ ಬಂದ ಕಥೆಯೆಲ್ಲ ಮೇಲಿನ ಮಹಡಿಯ ಗಾಜಿನ ಕಪಾಟುಗಳಲ್ಲಿದೆ. ಅಲ್ಲಿ ಫೋಟೋ ತೆಗೆಯುವಂತಿಲ್ಲ. ಹಾಗಾಗಿ ಎಲ್ಲರೂ ಕಣ್ಣಿನಿಂದಲೇ ನೋಡುತ್ತಾರೆ. ಅದೂ ಒಳ್ಳೆಯದೇ.

ಕೆಳಗಿನ ಮಹಡಿಯಲ್ಲಿ ಆಡಲು ಅವಕಾಶವಿದೆ. ಒಳಗೆ ಬರುವಾಗ ಕೊಡುವ ಕಾರ್ಡಿನಲ್ಲಿ ಹತ್ತು ನಾಣ್ಯಗಳಿರುತ್ತವೆ. ಮುಟ್ಟುವ ನಾಣ್ಯವಲ್ಲ, ಲೆಕ್ಕದ ನಾಣ್ಯ. ಒಂದೊಂದು ಆಟಕ್ಕೆ ಒಂದೊಂದು ಬೆಲೆ. ಹತ್ತು ಮುಗಿದರೆ ಮುಗಿಯಿತು. ಜೇಬು ತುಂಬ ದುಡ್ಡಿದ್ದರೂ ಹನ್ನೊಂದನೆಯ ನಾಣ್ಯ ಕೊಳ್ಳುವಂತಿಲ್ಲ. ನನಗೂ ಹತ್ತು, ಏಳು ವರ್ಷದ ಪುಟ್ಟಿಗೂ ಹತ್ತು. ಯಾವುದು ಆಡಬೇಕು, ಯಾವುದು ಬಿಡಬೇಕು ಎಂದು ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು.

ಈ ನಿಯಮ ನನಗೆ ಬಹಳ ಹಿಡಿಸಿತು. ನಮ್ಮ ಕೈಯಲ್ಲಿರುವ ಮೊಬೈಲಿನ ಎಷ್ಟೋ ಆಟಗಳು ಬಿಟ್ಟಿಯಾಗಿ ಸಿಗುತ್ತವೆ. ಸ್ವಲ್ಪ ದೂರ ಹೋದ ಮೇಲೆ ಬೇಕೆಂದೇ ಕಷ್ಟವಾಗುತ್ತವೆ. ಆಗ ತೆರೆಯ ಮೇಲೆ ಒಂದು ಪೆಟ್ಟಿಗೆ ಬರುತ್ತದೆ: ಇಷ್ಟು ರೂಪಾಯಿ ಕೊಡು, ಒಳ್ಳೆಯ ಕತ್ತಿ ಕೊಡುತ್ತೇನೆ. ಚೆನ್ನಾಗಿ ಆಡುವವನಿಗಿಂತ ಅಪ್ಪನ ಕಾರ್ಡು ಕೈಗೆ ಸಿಕ್ಕವನು ಮುಂದೆ ಹೋಗುತ್ತಾನೆ. ಅಂಥ ಆಟದಲ್ಲಿ ಕಷ್ಟವೇ ಸರಕು. ಮೊಮ್ಮಕ್ಕಳ ಕೈಗೆ ಫೋನು ಕೊಡುವ ಅಜ್ಜ ಅಜ್ಜಿಯರು ಇದೊಂದನ್ನು ಗಮನಿಸಬೇಕು: ಆಟ ಕಷ್ಟವಾದಾಗ ಅದು "ಇನ್ನೊಮ್ಮೆ ಪ್ರಯತ್ನಿಸು" ಎನ್ನುತ್ತದೋ, "ದುಡ್ಡು ಕೊಡು" ಎನ್ನುತ್ತದೋ?

ಇದು ಹೊಸ ರೋಗವೇನೂ ಅಲ್ಲ. ಒಸಾಕಾದಲ್ಲಿ ನಿಪ್ಪೊನ್‌ಬಾಶಿ ಎಂಬ ಬೀದಿ ಇದೆ. ರೇಡಿಯೋ, ಟೀವಿ, ಆಟಿಕೆ ಅಂಗಡಿಗಳ ಸಾಲು. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆ ನೆನಪಾಗುತ್ತದೆ. ಅಲ್ಲಿ ಹಳೆಯ ಯಂತ್ರಗಳನ್ನಿಟ್ಟ ಆಟದ ಅಂಗಡಿಯೊಂದಕ್ಕೆ ಮೊಮ್ಮಗ ನನ್ನನ್ನು ಕರೆದೊಯ್ದಿದ್ದ. 'ಸ್ಪೇಸ್ ಇನ್ವೇಡರ್ಸ್' ತೋರಿಸಿದ. 1978ರಲ್ಲಿ ತೊಮೊಹಿರೊ ನಿಶಿಕಾದೊ ಎಂಬುವರು ಮಾಡಿದ ಆಟ. ಮೇಲಿನಿಂದ ಸಾಲು ಸಾಲಾಗಿ ಇಳಿಯುವ ಶತ್ರುಗಳನ್ನು ಕೆಳಗಿನಿಂದ ಹೊಡೆಯಬೇಕು. ಶತ್ರುಗಳು ಕಡಿಮೆಯಾದಷ್ಟೂ ಉಳಿದವು ವೇಗವಾಗಿ ಬರುತ್ತವೆ. ಇದು ಯಾರೋ ಯೋಚಿಸಿ ಇಟ್ಟ ಕಷ್ಟ ಎಂದುಕೊಂಡಿದ್ದೆ. ನಡೆದದ್ದೇ ಬೇರೆ. ಆಗಿನ ಯಂತ್ರಕ್ಕೆ ಅಷ್ಟೊಂದು ಚಿತ್ರಗಳನ್ನು ಒಟ್ಟಿಗೆ ಬಿಡಿಸುವ ಶಕ್ತಿ ಇರಲಿಲ್ಲ. ಶತ್ರುಗಳು ಸತ್ತಂತೆ ಅದರ ಹೊರೆ ಇಳಿಯಿತು, ಉಳಿದವು ಓಡತೊಡಗಿದವು. ಅದರಿಂದ ಆಟಕ್ಕೆ ರೋಚಕತೆ ಬಂತೆಂದು ನಿಶಿಕಾದೊ ಹಾಗೆಯೇ ಬಿಟ್ಟರು.

ಆ ಕಾಲದ ಅಂಗಡಿ ಆಟಗಳು ನಾಣ್ಯ ನುಂಗುವ ಯಂತ್ರಗಳು. ಒಬ್ಬನೇ ಹುಡುಗ ಒಂದೇ ನಾಣ್ಯಕ್ಕೆ ದಿನವಿಡೀ ಆಡಿದರೆ ಅಂಗಡಿಯವನ ಗತಿ? ಅದಕ್ಕೆ ಆಟ ಬೇಗ ಬೇಗ ಕಷ್ಟವಾಗುತ್ತಿತ್ತು. ಆಮೇಲೆ 1983ರಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಯಂತ್ರ ಮನೆಯೊಳಗೆ ಬಂತು. ಇಲ್ಲಿ ನಾಣ್ಯ ಹಾಕುವ ಹಾಗಿಲ್ಲ. ಆದರೂ ಆಟ ಕಷ್ಟವಾಗಿಯೇ ಉಳಿಯಿತು. ಆಟದ ಡಬ್ಬಿಯೊಳಗೆ ಜಾಗ ಸ್ವಲ್ಪ. ಸುಲಭವಾಗಿದ್ದರೆ ಒಂದೇ ಮಧ್ಯಾಹ್ನ ಮುಗಿದುಹೋಗುತ್ತಿತ್ತು.

ಕಷ್ಟ ಎಷ್ಟು ಅತಿಯಾಗಿತ್ತು ಎಂದರೆ, ಆಟ ಮಾಡಿದವರೇ ಆಡಲಾರದೆ ಹೋಗುತ್ತಿದ್ದರು! ಕೊನಾಮಿ ಎಂಬ ಕಂಪನಿಯ ಕಜುಹಿಸಾ ಹಾಶಿಮೊಟೊ ಅವರು 'ಗ್ರಾಡಿಯಸ್' ಎಂಬ ಆಟವನ್ನು ಮನೆ ಯಂತ್ರಕ್ಕೆ ಹೊಂದಿಸುತ್ತಿದ್ದರು. ಪರೀಕ್ಷೆ ಮಾಡಲು ಕೊನೆಯವರೆಗೆ ಆಡಬೇಕಲ್ಲ, ಅವರಿಗೆ ಆಗಲಿಲ್ಲ. ಹಾಗಾಗಿ ತಮಗೋಸ್ಕರ ಒಂದು ಗುಟ್ಟಿನ ಕೀಲಿ ಇಟ್ಟುಕೊಂಡರು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಈ ಸಾಲಿನಲ್ಲಿ ಗುಂಡಿ ಒತ್ತಿದರೆ ಹೆಚ್ಚಿನ ಶಕ್ತಿಗಳೆಲ್ಲ ಒಟ್ಟಿಗೇ ಸಿಗುತ್ತವೆ. 1986ರಲ್ಲಿ ಆಟ ಹೊರಬಂದಾಗ ಆ ಕೀಲಿಯೂ ಅದರೊಳಗೇ ಉಳಿದಿತ್ತು. ಮಕ್ಕಳು ಕಂಡುಹಿಡಿದರು. ಇಂದಿಗೂ ಜಗತ್ತಿನ ಆಟಗಾರರಿಗೆ ಅದು ಮಗ್ಗಿಯಂತೆ ಬಾಯಿಪಾಠ.

ಇನ್ನು ಮಾರಿಯೋ ವಿಷಯ. ಸಂಗ್ರಹಾಲಯದಲ್ಲಿ ಮಗ 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟದ ಮೊದಲ ಹಂತವನ್ನು ನನಗೆ ಬಿಡಿಸಿ ಹೇಳಿದ. ಕೇಳುತ್ತಾ ಹೋದಂತೆ, ಇದನ್ನು ಮಾಡಿದ ಶಿಗೆರು ಮಿಯಾಮೊಟೊ ಒಳ್ಳೆಯ ಮೇಷ್ಟ್ರಾಗುತ್ತಿದ್ದರು ಅನ್ನಿಸಿತು. ಆಟ ಶುರುವಾದಾಗ ಎದುರಿನಿಂದ ಒಂದು ಪುಟ್ಟ ಶತ್ರು ಬರುತ್ತದೆ. ಹಾರದಿದ್ದರೆ ಸಾಯುತ್ತೀರಿ. ಆದರೆ ಕಳೆದುಕೊಳ್ಳುವುದು ನಾಲ್ಕು ಹೆಜ್ಜೆ ಮಾತ್ರ. ತಲೆ ಮೇಲಿನ ಪೆಟ್ಟಿಗೆಗೆ ಗುದ್ದಿದರೆ ಒಂದು ಅಣಬೆ ಹೊರಬರುತ್ತದೆ. ಅದು ಬಲಕ್ಕೆ ಉರುಳಿ, ಕೊಳವೆಗೆ ಬಡಿದು, ನಿಮ್ಮ ಕಡೆಗೇ ಬರುತ್ತದೆ. ಹೆದರಿ ತಪ್ಪಿಸಿಕೊಳ್ಳಹೋದರೂ ಸಾಮಾನ್ಯವಾಗಿ ತಾಗಿಯೇ ಬಿಡುತ್ತದೆ. ಆಗ ಮಾರಿಯೋ ದೊಡ್ಡವನಾಗುತ್ತಾನೆ. ಓಹೋ, ಅಣಬೆ ಒಳ್ಳೆಯದು! ಮುಂದೆ ಎರಡು ಮೆಟ್ಟಿಲುಗಳ ನಡುವೆ ಹಾರಬೇಕು. ಮೊದಲ ಜೋಡಿಯ ನಡುವೆ ನೆಲವಿದೆ, ಬಿದ್ದರೂ ಏನೂ ಆಗದು. ಎರಡನೆಯ ಜೋಡಿಯ ನಡುವೆ ಗುಂಡಿ. ಅಭ್ಯಾಸ ಮೊದಲು, ಪರೀಕ್ಷೆ ಆಮೇಲೆ. ಎಲ್ಲೂ ಒಂದಕ್ಷರದ ಸೂಚನೆ ಇಲ್ಲ.

ಮರುವರ್ಷ, 1986ರಲ್ಲಿ, ಜಪಾನಿನಲ್ಲಿ ಇದರ ಎರಡನೆಯ ಭಾಗ ಬಂತು. ಅದರಲ್ಲಿ ವಿಷದ ಅಣಬೆ ಇಟ್ಟರು. ಮೊದಲ ಆಟದಲ್ಲಿ ಅಣಬೆ ಒಳ್ಳೆಯದೆಂದು ಕಲಿತವರು ಇಲ್ಲಿ ತಿಂದು ಸತ್ತರು. ಮುಂದಿನ ಲೋಕಕ್ಕೆ ಹಾರಿಸುವ ಗುಪ್ತ ಕೊಳವೆ ಇತ್ತಲ್ಲ, ಇಲ್ಲಿ ಅಂಥದ್ದೊಂದು ಕೊಳವೆ ಮೂರನೆಯ ಲೋಕದಿಂದ ಮತ್ತೆ ಒಂದಕ್ಕೇ ತಂದು ಬಿಡುತ್ತಿತ್ತು. ಅಮೆರಿಕದ ಕಚೇರಿಯವರು ಆಡಿ ನೋಡಿ, ನಮ್ಮ ಮಕ್ಕಳಿಗೆ ಇದು ಬೇಡ ಎಂದರು. ಆ ಆಟ ಅಮೆರಿಕಕ್ಕೆ ಹೋದದ್ದು 1993ರಲ್ಲಿ, ಬೇರೆ ಹೆಸರಿನಲ್ಲಿ.

ನನಗೆ ಇಲ್ಲಿ ಒಂದು ವ್ಯತ್ಯಾಸ ಕಂಡಿತು. ಗುಂಡಿ ಅಗಲವಾಗಿದ್ದರೆ ಅದು ಕಷ್ಟ. ನಾಲ್ಕು ಸಲ ಬಿದ್ದರೆ ಐದನೆಯ ಸಲ ದಾಟಬಹುದು, ತಪ್ಪೆಲ್ಲಿ ಎಂದು ನಮಗೇ ಗೊತ್ತಾಗುತ್ತದೆ. ಪಾಠದಲ್ಲಿ ಒಂದು ಹೇಳಿಕೊಟ್ಟು ಪರೀಕ್ಷೆಯಲ್ಲಿ ಇನ್ನೊಂದು ಕೇಳಿದರೆ ಅದು ಅನ್ಯಾಯ. ಪಳಗಿದ ಆಟಗಾರರು ಅದನ್ನೂ ತಮಾಷೆಯಾಗಿ ತೆಗೆದುಕೊಂಡಾರು. ಹೊಸದಾಗಿ ಕಲಿಯುವ ಮಗು ಕಂಟ್ರೋಲರ್ ಬಿಸಾಡಿ ಎದ್ದುಹೋಗುತ್ತದೆ.

ಕೆಳಗಿನ ಮಹಡಿಯಲ್ಲಿ ಮನುಷ್ಯನಿಗಿಂತ ದೊಡ್ಡ ಕಂಟ್ರೋಲರ್‌ಗಳಿವೆ. ಒಬ್ಬರಿಂದ ಆಗದು, ಇಬ್ಬರು ಸೇರಿ ಆಡಬೇಕು. ಪುಟ್ಟಿ ನನ್ನನ್ನು ಎಳೆದುಕೊಂಡು ಹೋದಳು. ಮಾರಿಯೋನನ್ನು ನಡೆಸುವುದು ಅವಳ ಕೆಲಸ, ಹಾರಿಸುವುದು ನನ್ನದು. ಹಾರಲು ಎರಡೂ ಅಂಗೈಯಿಂದ ಗುಂಡಿ ಅದುಮಬೇಕು. "ಅಜ್ಜಿ, ಹಾರು! ಈಗ! ಈಗ!" ಎಂದು ಅವಳ ಕೂಗು. ಪಕ್ಕದಲ್ಲಿ ಅಣ್ಣ ಅಪ್ಪನ ಜೊತೆ ಆಡುತ್ತಿದ್ದ. ಅವನ ಬೆರಳ ಚುರುಕು ಅಲ್ಲಿ ನಡೆಯಲಿಲ್ಲ. ಎಲ್ಲರ ಕೈಯೂ ಒಂದೇ ಸಮ ಚಿಕ್ಕದಾಗಿಬಿಟ್ಟಿತ್ತು. ಹನ್ನೆರಡರವನೂ ನಕ್ಕ, ಎಪ್ಪತ್ತರ ಹತ್ತಿರವಿರುವ ನಾನೂ ನಕ್ಕೆ.

ಮಾರಿಯೋ ಆಟಗಳಲ್ಲೇ ಆಮೇಲೆ ಸಹಾಯದ ಏರ್ಪಾಡುಗಳು ಬಂದವು. 2009ರ ಒಂದು ಆಟದಲ್ಲಿ ಒಂದೇ ಹಂತದಲ್ಲಿ ಎಂಟು ಸಲ ಸೋತರೆ ಹಸಿರು ಪೆಟ್ಟಿಗೆ ಕಾಣಿಸಿಕೊಳ್ಳುತ್ತದೆ. ಗುದ್ದಿದರೆ ಮಾರಿಯೋನ ತಮ್ಮ ಲುಯಿಜಿ ಬಂದು ದಾರಿ ತೋರಿಸುತ್ತಾನೆ. ಬೇಡವೆಂದರೆ ಗುದ್ದದೆ ಮುಂದೆ ಹೋಗಬಹುದು. ಕಾರಿನ ಆಟದಲ್ಲಿ ಹಿಂದೆ ಬಿದ್ದವರಿಗೆ ಬಲವಾದ ಸಾಮಾನು, ಮುಂದಿರುವವರಿಗೆ ಬಾಳೆಹಣ್ಣಿನ ಸಿಪ್ಪೆಯಂಥವು. ಮೊದಲ ಸ್ಥಾನದವನನ್ನೇ ಹುಡುಕಿ ಹೊಡೆಯುವ ನೀಲಿ ಚಿಪ್ಪೊಂದಿದೆ. ಮೊಮ್ಮಗನಿಗೆ ಅದರ ಹೆಸರೆತ್ತಿದರೆ ಸಿಟ್ಟು. "ಚೆನ್ನಾಗಿ ಆಡಿದ್ದಕ್ಕೆ ಶಿಕ್ಷೆನಾ ಅಜ್ಜಿ?" ಎನ್ನುತ್ತಾನೆ.

ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಬೇಕೆಂದೇ ಒಂದೇ ಮಟ್ಟದ ಕಷ್ಟ ಇಡುವ ಆಟಗಳೂ ಇವೆ. ಟೋಕಿಯೋದ ಕಂಪನಿಯೊಂದು 2019ರಲ್ಲಿ ತಂದ 'ಸೆಕಿರೊ' ಅಂಥದ್ದು. ಅದರಲ್ಲಿ 'ಸುಲಭ' ಎಂಬ ಆಯ್ಕೆಯೇ ಇಲ್ಲ. ಎಲ್ಲರೂ ಹತ್ತುವುದು ಒಂದೇ ಬೆಟ್ಟ, ತುದಿ ಮುಟ್ಟಿದವರ ಸಂತೋಷವೂ ಒಂದೇ ಎನ್ನುವುದು ಅದನ್ನು ಮೆಚ್ಚುವವರ ವಾದ. ಬೆರಳಿಗೆ ಸಂಧಿವಾತ ಬಂದವರು, ಒಂದು ಕೈ ಇಲ್ಲದವರು, ಕಣ್ಣು ಮಂಜಾದವರು ಕೇಳುವುದು ಬೇರೆ: ನಮಗೆ ಬೆಟ್ಟದ ಬುಡಕ್ಕೆ ಬರಲಾದರೂ ದಾರಿ ಬೇಡವೇ? ಬೆಟ್ಟ ಹತ್ತುವ ಹುಡುಗಿಯ ಕಥೆಯಿರುವ 'ಸೆಲೆಸ್ಟ್' ಎಂಬ 2018ರ ಆಟ ಎರಡನ್ನೂ ಇಟ್ಟುಕೊಂಡಿದೆ. ಆಟ ಬಲು ಕಷ್ಟ. ಬೇಕಾದವರು ಅದರ ವೇಗವನ್ನು ತಗ್ಗಿಸಿಕೊಳ್ಳಬಹುದು.

ಇವೆಲ್ಲ ಹೊಸ ಮಾತುಗಳೇನಲ್ಲ ಎಂದು ನನಗೆ ತಿಳಿದದ್ದು ಮಗನ ಮನೆಯ ಹತ್ತಿರದ ಸಮುದಾಯ ಭವನದಲ್ಲಿ. ಅಲ್ಲಿ ಮಧ್ಯಾಹ್ನ ವಯಸ್ಸಾದವರು 'ಗೋ' ಆಡುತ್ತಾರೆ. ಹತ್ತೊಂಬತ್ತು ಗೆರೆ ಅಡ್ಡ, ಹತ್ತೊಂಬತ್ತು ಗೆರೆ ಉದ್ದ, ಕಪ್ಪು ಬಿಳಿ ಕಲ್ಲುಗಳು. ಒಂದು ದಿನ ಅಜ್ಜನೊಬ್ಬರ ಎದುರು ಶಾಲೆಯ ಹುಡುಗ ಕೂತಿದ್ದ. ಇಬ್ಬರೂ ತಲೆಬಾಗಿ ನಮಸ್ಕರಿಸಿದರು. ಅಜ್ಜ ಒಂದೂ ಕಲ್ಲು ಇಡುವ ಮೊದಲೇ ಹುಡುಗ ನಾಲ್ಕು ಕಪ್ಪು ಕಲ್ಲುಗಳನ್ನು ನಾಲ್ಕು ಮೂಲೆಗೆ ಇಟ್ಟ. ಮಗ ವಿವರಿಸಿದ: ದುರ್ಬಲರಿಗೆ ಎರಡರಿಂದ ಒಂಬತ್ತು ಕಲ್ಲಿನವರೆಗೆ ಮೊದಲೇ ಇಡಲು ಬಿಡುವುದು ಇಲ್ಲಿಯ ಹಳೆಯ ಪದ್ಧತಿ. ಅವರ ಚದುರಂಗವಾದ ಶೋಗಿಯಲ್ಲಿ ಬಲಿಷ್ಠನೇ ತನ್ನ ಒಂದೆರಡು ಕಾಯಿ ತೆಗೆದಿಟ್ಟು ಆಡುತ್ತಾನೆ. ಕಲ್ಲು ಕೊಟ್ಟಾದ ಮೇಲೆ ಅಜ್ಜ ಒಂದಿಷ್ಟೂ ದಯೆ ತೋರಿಸಲಿಲ್ಲ. ಕೊನೆಯಲ್ಲಿ ಹುಡುಗ ಸ್ವಲ್ಪದರಲ್ಲಿ ಗೆದ್ದ. ಅಜ್ಜ ಸೋಲೊಪ್ಪಿ ತಲೆಬಾಗಿ, ಏನೋ ಹೇಳಿದರು. ಮುಂದಿನ ಸಲ ಮೂರೇ ಕಲ್ಲು ಎಂದರಂತೆ. ಹುಡುಗನ ಮುಖ ಬೆಳಗಿದ್ದು ಗೆದ್ದಾಗ ಅಲ್ಲ, ಈ ಮಾತು ಕೇಳಿದಾಗ.

ನಮ್ಮ ಮನೆಗಳಲ್ಲಿ ನಾವು ಮಾಡುವುದು ಬೇರೆ. ಮೊಮ್ಮಗು ಅಳುತ್ತದೆಂದು ತಾತ ಚೌಕಾಬಾರದಲ್ಲಿ ಬೇಕೆಂದೇ ಸೋಲುತ್ತಾರೆ. ಕೆಲವು ವಿಡಿಯೋ ಗೇಮ್‌ಗಳೂ ಹೀಗೆ: ನೀವು ಪದೇ ಪದೇ ಸೋತರೆ ಸದ್ದಿಲ್ಲದೆ ಶತ್ರುಗಳ ಕೈ ಸಡಿಲ ಮಾಡುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಐದಾರು ವರ್ಷದ ಮಗುವಿಗೂ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ. ಗೊತ್ತಾದ ದಿನ ಹಿಂದಿನ ಗೆಲುವುಗಳೂ ಕರಗಿಹೋಗುತ್ತವೆ. 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದರೆ ಅದೇ. ಗೋ ಆಡುವವರ ಕಲ್ಲುಗಳು ಹಾಗಲ್ಲ. ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿರುತ್ತವೆ. ಮೊದಲೇ ಮಾತಾಡಿ ಇಟ್ಟದ್ದು. ಕಲಿತಂತೆ ಒಂದೊಂದೇ ಕಡಿಮೆಯಾಗುವಂಥದ್ದು. ಹಾಗಾಗಿ ಗೆಲುವು ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಪುಟ್ಟಿಗೆ ಉತ್ತರ ಬಾಕಿ ಇತ್ತಲ್ಲ? ಅಣ್ಣನನ್ನೇ ಕೇಳಿದೆ: "ಆ ಆ್ಯಂಟೆನಾ ನಿನಗೆ ಕಾಣುತ್ತಾ?" ಕಾಣುತ್ತದೆ ಎಂದ. "ಅದನ್ನು ಹಾಕಿಕೊಂಡರೆ ಅವಳಿಗೆ ನಷ್ಟ ಏನೂ ಇಲ್ವಾ?" ಸ್ವಲ್ಪ ಯೋಚಿಸಿ, ಇದೆ ಎಂದ. ಕೆಲವು ಒಳದಾರಿಗಳಿಗೆ ಅದು ಬಿಡುವುದಿಲ್ಲ, ತಿರುವಿನಲ್ಲಿ ಸಿಗುವ ಅತಿ ಹೆಚ್ಚಿನ ವೇಗವೂ ಸಿಗುವುದಿಲ್ಲ. "ಹಾಗಾದರೆ ಅದು ಹಲಗೆ ಮೇಲಿನ ಕಲ್ಲು ಕಣೋ. ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದು ಮೋಸ ಆಗಲ್ಲ. ಅವಳು ಗೆದ್ದಿದ್ದು ಲೆಕ್ಕಕ್ಕಿದೆ" ಎಂದೆ. ಅವನು ಪೂರ್ತಿ ಒಪ್ಪಲಿಲ್ಲ. ಆದರೆ ತಾನೇ ಒಂದು ಕರಾರು ಹಾಕಿದ: ತಂಗಿ ಮೂರು ಸಲ ಸಾಲಾಗಿ ಗೆದ್ದರೆ ಒಂದು ಓಟ ಆ್ಯಂಟೆನಾ ತೆಗೆದು ಆಡಬೇಕು, ಆ ಓಟದಲ್ಲಿ ತಾನು ಐದು ಎಣಿಸಿ ಆಮೇಲೆ ಹೊರಡುತ್ತೇನೆ. ಪುಟ್ಟಿ ಹತ್ತು ಎಣಿಸು ಎಂದಳು. ಚೌಕಾಶಿ ನಡೆದು ಏಳಕ್ಕೆ ನಿಂತಿತು.

ರಜೆಯಲ್ಲಿ ನೀವೂ ಇದನ್ನು ಮಾಡಿ ನೋಡಬಹುದು. ಚೌಕಾಬಾರ ಹಾಸಿದಾಗ ಮೊಮ್ಮಗುವಿಗೆ ಮೂರೇ ಕಾಯಿ ಹಣ್ಣಾದರೆ ಸಾಕು, ತಾತನಿಗೆ ನಾಲ್ಕೂ ಆಗಬೇಕು ಎಂದು ಕವಡೆ ಹಾಕುವ ಮೊದಲೇ ಹೇಳಿಕೊಳ್ಳಿ. ಆಮೇಲೆ ತಾತ ಪೂರ್ತಿ ಮನಸ್ಸಿಟ್ಟು ಆಡಲಿ. ವಿಡಿಯೋ ಗೇಮ್ ಆದರೆ ರಿಯಾಯಿತಿ ಬೇಕಾಗುವುದು ತಾತನಿಗೇ. ಮಕ್ಕಳೇ, ಆಗ ನಗಬೇಡಿ. ಎಷ್ಟು ಕಲ್ಲು ಬೇಕು ತಾತ, ಎಂದು ಕೇಳಿ.

ಈಗ ನನ್ನ ಫೋನಿಗೆ ವಾರಕ್ಕೊಮ್ಮೆ ಒಸಾಕಾದಿಂದ ವರದಿ ಬರುತ್ತದೆ. ಏಳು ಎಣಿಸುತ್ತಿದ್ದದ್ದು ಐದಕ್ಕೆ ಇಳಿದಿದೆಯಂತೆ. ನನ್ನ ಕಲಿಕೆಯೂ ನಿಧಾನವಾಗಿ ಸಾಗಿದೆ. ಅಣಬೆ ತಿನ್ನುವುದು ಬಂತು. ಮೆಟ್ಟಿಲ ನಡುವಿನ ಗುಂಡಿ ಇನ್ನೂ ದಾಟಬೇಕು.